ಜೈಲು ಇಲಾಖೆಯ ಕೈಯಲ್ಲಿರುವ ದವಾಖಾನೆ: ಡೇಮನ್ ಸೆರೆಮನೆಯ ವೈದ್ಯಕೀಯ ಸೇವೆಯ ವಿಮರ್ಶೆ

ಸೇವೆಯೊಂದನ್ನು ವಿಮರ್ಶಿಸುವಾಗ ಬಳಕೆದಾರರಿಗೆ ಬೇರೆ ಆಯ್ಕೆ ಇದೆ ಎಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಈ ಬರಹದ ವಸ್ತುವಾದ ಸೇವೆಗೆ ಆ ಮಾತು ಅನ್ವಯಿಸುವುದಿಲ್ಲ. ಇಸ್ರೇಲಿನ ಬಂದೀಖಾನೆ ಇಲಾಖೆಯು ತನ್ನ ವಶದಲ್ಲಿರುವ ಪ್ಯಾಲೆಸ್ಟೀನಿ ಮಹಿಳೆಯರಿಗೆ, ಮುಖ್ಯವಾಗಿ ಹೈಫಾ ಬಳಿಯ ಡೇಮನ್ ಸೆರೆಮನೆಯಲ್ಲಿ ಇರಿಸಲಾಗಿರುವ 'ಭದ್ರತಾ ಕೈದಿ'ಗಳಿಗೆ (ದೇಶದ ಭದ್ರತೆಯ ಕಾರಣ ಹೇಳಿ ಬಂಧಿಸಿದವರಿಗೆ), ಒದಗಿಸುವ ವೈದ್ಯಕೀಯ ಸೇವೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ. ಬಿಡುಗಡೆಯಾದ ಮಹಿಳೆಯರು ಬಹಿರಂಗವಾಗಿ ನೀಡಿದ ಹೇಳಿಕೆಗಳು, ಪ್ಯಾಲೆಸ್ಟೀನಿ ಮತ್ತು ಇಸ್ರೇಲಿ ಮಾನವ ಹಕ್ಕು ಸಂಸ್ಥೆಗಳು ವರ್ಷಗಳಿಂದ ದಾಖಲಿಸಿದ ವಿವರಗಳು, ವಿಶ್ವಸಂಸ್ಥೆಯ ತಜ್ಞರ ಹೇಳಿಕೆಗಳು ಮತ್ತು ಇಲಾಖೆಯ ಉತ್ತರಗಳು ಈ ಪರಿಶೀಲನೆಗೆ ಆಧಾರ. ಅಳತೆಗೋಲನ್ನು ಮಾತ್ರ ನಾನು ಆರಿಸಿಕೊಂಡಿಲ್ಲ. ಅದರ ಮುಖ್ಯ ಭಾಗ ಇಸ್ರೇಲ್ ತಾನೇ ಸಹಿ ಹಾಕಿ ಅನುಮೋದಿಸಿದ ಒಪ್ಪಂದಗಳಲ್ಲಿದೆ.

ಮೊದಲು ಸ್ಥಳದ ಬಗ್ಗೆ. ಕಾರ್ಮೆಲ್ ಬೆಟ್ಟದ ಮೇಲಿರುವ ಡೇಮನ್ ಕಟ್ಟಡವು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ತಂಬಾಕಿನ ಉಗ್ರಾಣವಾಗಿ ಕಟ್ಟಿದ್ದು ಎಂದು ಹೇಳಲಾಗುತ್ತದೆ. ತಂಬಾಕನ್ನು ತೇವವಾಗಿ ಇಡಲು ಅನುಕೂಲವಾದ ಗೋಡೆಗಳು ಸಂಧಿವಾತವಿರುವ ಹೆಂಗಸಿಗೆ ಚಳಿಗಾಲದಲ್ಲಿ ಏನು ಮಾಡಬಲ್ಲವು ಎಂಬುದನ್ನು ವಿವರಿಸಬೇಕಾಗಿಲ್ಲ. 2018ರ ಕೊನೆಯವರೆಗೆ ಬಹುಪಾಲು ಪ್ಯಾಲೆಸ್ಟೀನಿ ಮಹಿಳಾ ಕೈದಿಗಳು ಹಾಶರೋನ್ ಸೆರೆಮನೆಯಲ್ಲಿದ್ದರು. ಅಲ್ಲಿನ ಅಂಗಳದಲ್ಲಿ ಕ್ಯಾಮೆರಾಗಳನ್ನು ಚಾಲೂ ಮಾಡಿದ್ದನ್ನು ಪ್ರತಿಭಟಿಸಿ ಅವರು ಅಂಗಳಕ್ಕೆ ಇಳಿಯುವುದನ್ನೇ ನಿಲ್ಲಿಸಿದ ಬಳಿಕ ಅವರನ್ನು ಡೇಮನ್‌ಗೆ ಸಾಗಿಸಲಾಯಿತು.

ಈ ಎರಡೂ ಸೆರೆಮನೆಗಳು ಇಸ್ರೇಲಿನ ಒಳಗಿವೆ, ಸೇವೆಯ ಮೊದಲ ದೋಷ ಅಲ್ಲಿಂದಲೇ ಶುರುವಾಗುತ್ತದೆ. 1949ರ ನಾಲ್ಕನೇ ಜಿನೀವಾ ಒಪ್ಪಂದದ 76ನೇ ವಿಧಿಯ ಪ್ರಕಾರ ಆಕ್ರಮಿತ ಪ್ರದೇಶದ ಆರೋಪಿಗಳನ್ನು ಆ ಪ್ರದೇಶದಲ್ಲಿಯೇ ಬಂಧನದಲ್ಲಿಡಬೇಕು, ಶಿಕ್ಷೆಯಾದವರು ಅಲ್ಲಿಯೇ ಶಿಕ್ಷೆ ಅನುಭವಿಸಬೇಕು. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 1988ರಲ್ಲಿಯೂ 2010ರಲ್ಲಿಯೂ ಈ ಆಕ್ಷೇಪವನ್ನು ತಳ್ಳಿಹಾಕಿತು. ಇದೊಂದು ತಾಂತ್ರಿಕ ವಾದ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ರೋಗಿಯ ಕಡೆಯಿಂದ ನೋಡಿದರೆ ಅದರ ಪರಿಣಾಮ ಬಹಳ ನೇರವಾದುದು. ಆಕ್ರಮಿತ ಪಶ್ಚಿಮ ದಂಡೆಯ ಹೆಬ್ರೋನ್ ಅಥವಾ ರಮಲ್ಲಾದ ಆಸ್ಪತ್ರೆಯಲ್ಲಿರುವ ಹಳೆಯ ಕಡತ ಸೆರೆಮನೆಯ ವೈದ್ಯರ ಮೇಜಿಗೆ ಸುಲಭದಲ್ಲಿ ಬರುವುದಿಲ್ಲ. ಮೊದಲಿನಿಂದ ನೋಡುತ್ತಿದ್ದ ವೈದ್ಯೆ ಗಡಿ ದಾಟಿ ಬರಲಾರಳು. ಮಗಳ ಔಷಧಿಯ ಹೆಸರು ಬಲ್ಲ ತಾಯಿಗೆ ಭೇಟಿಗೆ ಬರಲು ಪರವಾನಗಿ ಬೇಕು, ಮತ್ತು ಆ ಪರವಾನಗಿ ನೀಡುವುದು ಬಂಧಿಸಿದ ಸರ್ಕಾರವೇ.

ಈಗ ಅಳತೆಗೋಲು. ಜಿನೀವಾ ಒಪ್ಪಂದವನ್ನು ಉನ್ನತ ಆದರ್ಶಗಳ ಘೋಷಣೆಯೆಂದು ಭಾವಿಸಿ ಓದಲು ಕುಳಿತವರಿಗೆ ಅದರ ಆರೋಗ್ಯ ಸಂಬಂಧಿ ವಿಧಿಗಳು ಆಶ್ಚರ್ಯ ಹುಟ್ಟಿಸುತ್ತವೆ, ಏಕೆಂದರೆ ಅವು ಉಗ್ರಾಣದ ಲೆಕ್ಕಪುಸ್ತಕದಷ್ಟು ನಿಖರವಾಗಿವೆ. ಆರೋಪಿಗಳಿಗೂ ಶಿಕ್ಷೆಗೊಳಗಾದವರಿಗೂ ಅನ್ವಯಿಸುವ 76ನೇ ವಿಧಿಯು, ಅವರ ಆರೋಗ್ಯ ಸ್ಥಿತಿಗೆ ಅಗತ್ಯವಾದ ವೈದ್ಯಕೀಯ ಆರೈಕೆ, ಆರೋಗ್ಯ ಕಾಪಾಡಲು ಸಾಕಾಗುವ ಆಹಾರ ಮತ್ತು ನೈರ್ಮಲ್ಯ, ಮಹಿಳೆಯರಿಗೆ ಪ್ರತ್ಯೇಕ ವಸತಿ ಮತ್ತು ಮಹಿಳಾ ಸಿಬ್ಬಂದಿಯ ನೇರ ಮೇಲ್ವಿಚಾರಣೆ, ರೆಡ್ ಕ್ರಾಸ್ ಪ್ರತಿನಿಧಿಗಳ ಭೇಟಿ, ಇಷ್ಟನ್ನೂ ಹಕ್ಕಾಗಿ ಹೇಳುತ್ತದೆ. ಆರೋಪಪಟ್ಟಿಯಿಲ್ಲದೆ ಬಂಧನದಲ್ಲಿರುವವರ, ಅಂದರೆ ಆಡಳಿತಾತ್ಮಕ ಬಂಧನದಲ್ಲಿರುವವರ, ವಿಷಯದಲ್ಲಿ 91 ಮತ್ತು 92ನೇ ವಿಧಿಗಳು ಇನ್ನಷ್ಟು ಮುಂದೆ ಹೋಗುತ್ತವೆ: ಪ್ರತಿ ಬಂಧನ ಸ್ಥಳದಲ್ಲಿ ಅರ್ಹ ವೈದ್ಯರ ನಿರ್ದೇಶನದಲ್ಲಿ ಚಿಕಿತ್ಸಾಲಯ ಇರಬೇಕು, ಹೆರಿಗೆಗೂ ಗಂಭೀರ ಕಾಯಿಲೆಗೂ ಸಾಮಾನ್ಯ ಜನರಿಗೆ ಸಿಗುವುದಕ್ಕಿಂತ ಕಡಿಮೆಯಿಲ್ಲದ ಆರೈಕೆ ಸಿಗುವ ಆಸ್ಪತ್ರೆಗೆ ಸೇರಿಸಬೇಕು, ಸಾಧ್ಯವಾದಷ್ಟೂ ತಮ್ಮದೇ ರಾಷ್ಟ್ರೀಯತೆಯ ವೈದ್ಯರು ಅವರನ್ನು ನೋಡಬೇಕು, ಕನ್ನಡಕ ಮತ್ತು ಕಟ್ಟುಹಲ್ಲು ಸಹಿತ ಎಲ್ಲವೂ ಉಚಿತವಾಗಿರಬೇಕು, ತಿಂಗಳಿಗೊಮ್ಮೆಯಾದರೂ ತಪಾಸಣೆ ನಡೆಸಿ ಪ್ರತಿಯೊಬ್ಬರ ತೂಕ ನೋಡಬೇಕು. ಎರಡನೇ ಮಹಾಯುದ್ಧದ ಶಿಬಿರಗಳ ನೆನಪು ಇನ್ನೂ ಹಸಿಯಾಗಿದ್ದಾಗ ಬರೆದ ಸಾಲುಗಳಿವು. ಹಸಿವು ಮೊದಲು ಕಾಣಿಸುವುದು ತೂಕದ ಪಟ್ಟಿಯಲ್ಲಿ ಎಂಬುದು ಅವನ್ನು ಬರೆದವರಿಗೆ ಗೊತ್ತಿತ್ತು.

ಇದರ ಜೊತೆಗೆ ವಿಶ್ವಸಂಸ್ಥೆಯ ಎರಡು ನಿಯಮಾವಳಿಗಳಿವೆ. 2010ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಬ್ಯಾಂಕಾಕ್ ನಿಯಮಗಳು ಮಹಿಳಾ ಕೈದಿಗಳಿಗೆಂದೇ ರೂಪಿಸಿದವು. 2015ರ ಡಿಸೆಂಬರ್‌ನಲ್ಲಿ ಪರಿಷ್ಕೃತವಾದ ನೆಲ್ಸನ್ ಮಂಡೇಲಾ ನಿಯಮಗಳು ಎಲ್ಲ ಕೈದಿಗಳಿಗೂ ಸಂಬಂಧಿಸಿದವು. ಇವು ಒಪ್ಪಂದಗಳಲ್ಲ, ಆದ್ದರಿಂದ ಪಾಲಿಸಲೇಬೇಕಾದವಲ್ಲ ಎಂಬ ವಾದವುಂಟು. ಆದರೆ ಇಸ್ರೇಲ್ 1991ರಲ್ಲಿ ಅನುಮೋದಿಸಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಲ್ಲಿ ಕೈದಿಗಳನ್ನು ಮಾನವೀಯವಾಗಿ ನಡೆಸಿಕೊಳ್ಳಬೇಕೆಂಬ 10ನೇ ವಿಧಿ ಇದೆ. ಅದೇ ವರ್ಷ ಅನುಮೋದಿಸಿದ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಯಲ್ಲಿಯೂ ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಪ್ಪಂದದಲ್ಲಿಯೂ ಆರೋಗ್ಯದ ಹಕ್ಕು ಇದೆ. ಆ ಪದಗಳಿಗೆ ಸೆರೆಮನೆಯೊಳಗೆ ಏನು ಅರ್ಥ ಎಂಬುದನ್ನು ತಿಳಿಯಲು ಜಗತ್ತು ಈ ನಿಯಮಗಳನ್ನೇ ನೋಡುತ್ತದೆ. ಮಾನವ ಹಕ್ಕುಗಳ ಒಪ್ಪಂದಗಳು ಆಕ್ರಮಿತ ಪ್ರದೇಶಕ್ಕೂ ಅನ್ವಯಿಸುತ್ತವೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯವು 2004ರ ಸಲಹಾ ಅಭಿಪ್ರಾಯದಲ್ಲಿ ಹೇಳಿತು. ಇಸ್ರೇಲ್ ಅದನ್ನು ಒಪ್ಪುವುದಿಲ್ಲ. ಡೇಮನ್ ಇರುವುದು ಇಸ್ರೇಲಿನೊಳಗಾದ್ದರಿಂದ ಈ ವಿವಾದ ಇಲ್ಲಿ ಅಷ್ಟಾಗಿ ಮುಖ್ಯವಾಗಬೇಕಿಲ್ಲ ಎಂಬುದು ನನ್ನ ಅನಿಸಿಕೆ.

ಸೇವೆಯ ಪ್ರವೇಶದ್ವಾರದಿಂದಲೇ ಪರೀಕ್ಷಿಸೋಣ. ಸೆರೆಮನೆಗೆ ಬಂದ ಮಹಿಳೆಯ ಮೊದಲ ವೈದ್ಯಕೀಯ ತಪಾಸಣೆಯಲ್ಲಿ ಆಕೆಯ ಮಾನಸಿಕ ಸ್ಥಿತಿ, ಗರ್ಭಧಾರಣೆ ಮತ್ತು ಹೆರಿಗೆಯ ಹಿನ್ನೆಲೆ, ಬಂಧನಕ್ಕೆ ಮುಂಚೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಳೆಯೇ ಎಂಬುದೆಲ್ಲ ಸೇರಬೇಕೆಂದು ಬ್ಯಾಂಕಾಕ್‌ನ 6ನೇ ನಿಯಮ ಹೇಳುತ್ತದೆ. ಹೆಣ್ಣಿನ ಮೈತಪಾಸಣೆಯನ್ನು ಹೆಣ್ಣೇ ಮಾಡಬೇಕೆಂದು ಜಿನೀವಾದ 97ನೇ ವಿಧಿ ಹೇಳುತ್ತದೆ. 2024ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಸ್ವತಂತ್ರ ತಜ್ಞರ ಗುಂಪೊಂದು ಹೊರಡಿಸಿದ ಹೇಳಿಕೆಯಲ್ಲಿ ಬೇರೆಯದೇ ಚಿತ್ರವಿತ್ತು: ಬಂಧಿತ ಪ್ಯಾಲೆಸ್ಟೀನಿ ಮಹಿಳೆಯರನ್ನು ಪುರುಷ ಸೇನಾಧಿಕಾರಿಗಳು ಬೆತ್ತಲೆ ಮಾಡಿ ತಪಾಸಣೆ ನಡೆಸಿದ, ಮುಟ್ಟಿನ ಪ್ಯಾಡ್, ಆಹಾರ, ಔಷಧಿ ನಿರಾಕರಿಸಿದ, ಹೊಡೆದ ಮತ್ತು ಲೈಂಗಿಕ ದೌರ್ಜನ್ಯ ಎಸಗಿದ ಆರೋಪಗಳು ನಂಬಲರ್ಹವಾಗಿವೆ ಎಂದು ಅವರು ಹೇಳಿದರು. ಇಸ್ರೇಲ್ ಇದನ್ನು ತಳ್ಳಿಹಾಕಿತು. ಇಂಥ ಆರೋಪವಿರುವಲ್ಲಿ ಮೊದಲ ತಪಾಸಣೆ ನಡೆಸುವ ವೈದ್ಯರ ಹೊಣೆ ಇಮ್ಮಡಿಯಾಗುತ್ತದೆ. ಚಿತ್ರಹಿಂಸೆಯ ಗುರುತು ಕಂಡರೆ ದಾಖಲಿಸಿ ವರದಿ ಮಾಡಬೇಕೆಂದು ಮಂಡೇಲಾ ನಿಯಮಗಳ 34ನೇ ನಿಯಮ ಸ್ಪಷ್ಟವಾಗಿ ವಿಧಿಸುತ್ತದೆ. ಆ ವೈದ್ಯರು ಯಾರಿಗೆ ವರದಿ ಮಾಡಬೇಕು? ತಮ್ಮ ಸಂಬಳ ಕೊಡುವ ಇಲಾಖೆಗೆ.

ಒಳಗಿನ ಚಿಕಿತ್ಸಾಲಯದ ಬಗ್ಗೆ ಬಿಡುಗಡೆಯಾದವರು ಹೇಳುವ ಮಾತು ದಶಕಗಳಿಂದ ಬದಲಾಗಿಲ್ಲ: ತಲೆನೋವಿಗೂ ಅಕಾಮೋಲ್, ಹೊಟ್ಟೆನೋವಿಗೂ ಅಕಾಮೋಲ್, ಜೊತೆಗೆ ಒಂದು ಲೋಟ ನೀರು. ಅಕಾಮೋಲ್ ಎಂದರೆ ಅಲ್ಲಿ ಮಾರಾಟದಲ್ಲಿರುವ ಪ್ಯಾರಸಿಟಮಾಲ್ ಮಾತ್ರೆ. ಕೈದಿಗಳ ಈ ಕಹಿ ಹಾಸ್ಯವನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ, ಏಕೆಂದರೆ ತುರ್ತು ಸಂದರ್ಭಗಳಲ್ಲಿ ಹೊರಗಿನ ಆಸ್ಪತ್ರೆಗೆ ಸಾಗಿಸಿದ ನಿದರ್ಶನಗಳೂ ಇವೆ, ಮತ್ತು ಇಸ್ರೇಲಿನ ನಾಗರಿಕ ಆಸ್ಪತ್ರೆಗಳ ಗುಣಮಟ್ಟ ಉತ್ತಮವಾದದ್ದೇ. ಸಮಸ್ಯೆ ಇರುವುದು ಕೋಣೆಯಿಂದ ಆ ಆಸ್ಪತ್ರೆಯವರೆಗಿನ ದಾರಿಯಲ್ಲಿ. ವೈದ್ಯರನ್ನು ಕಾಣಬೇಕೆಂಬ ಕೋರಿಕೆ ಮೊದಲು ಕಾವಲು ಸಿಬ್ಬಂದಿಯ ಕೈಗೆ ಹೋಗುತ್ತದೆ. ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ದಿನ ನಿಗದಿಯಾದ ಮೇಲೂ ಬೆಂಗಾವಲು ಇಲ್ಲವೆಂದು, ಭದ್ರತೆಯ ಕಾರಣವೆಂದು ರದ್ದಾಗುತ್ತದೆ. ವೈದ್ಯಕೀಯ ನಿರ್ಧಾರವನ್ನು ವೈದ್ಯರೇ ತೆಗೆದುಕೊಳ್ಳಬೇಕು, ಅದನ್ನು ಸೆರೆಮನೆಯ ಇತರ ಸಿಬ್ಬಂದಿ ಮೀರಬಾರದು ಅಥವಾ ಕಡೆಗಣಿಸಬಾರದು ಎಂಬ 27ನೇ ಮಂಡೇಲಾ ನಿಯಮವನ್ನು ಬರೆದದ್ದು ಇಂಥ ದಾರಿಯನ್ನು ಕಂಡೇ ಇರಬೇಕು.

ಈ ದಾರಿಯ ಅತ್ಯಂತ ಕೆಟ್ಟ ಭಾಗ ಬೋಸ್ಟಾ. ಕೈದಿಗಳು ಹಾಗೆಂದು ಕರೆಯುವ ಸಾಗಣೆ ವಾಹನದ ಒಳಗೆ ಕಬ್ಬಿಣದ ಆಸನಗಳಿರುತ್ತವೆ, ಕಿಟಕಿಗಳು ಮುಚ್ಚಿರುತ್ತವೆ. ಕೈಗೂ ಕಾಲಿಗೂ ಬೇಡಿ ಹಾಕಿ ಕೂರಿಸುತ್ತಾರೆ. ನೇರ ರಸ್ತೆಯಲ್ಲಿ ಹೋದರೆ ಎರಡು ತಾಸಿನೊಳಗೆ ಮುಗಿಯುವ ಪಯಣ, ಹಲವು ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಹತ್ತಿಸಿ ಇಳಿಸುವುದರಿಂದ, ಇಡೀ ದಿನ ಹಿಡಿಯುತ್ತದೆ. ಕೆಲವೊಮ್ಮೆ ರಾತ್ರಿಯನ್ನು ಮಧ್ಯದ ಸೆರೆಮನೆಯೊಂದರಲ್ಲಿ ಕಳೆಯಬೇಕಾಗುತ್ತದೆ. ಶೌಚಕ್ಕೆ ಅವಕಾಶ ಸಿಗದೆಂಬ ಭಯದಿಂದ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುವುದಾಗಿ ಮಹಿಳೆಯರು ಹೇಳಿದ್ದಾರೆ. ಮುಟ್ಟಾದವಳಿಗೆ, ಗರ್ಭಿಣಿಗೆ, ಮಧುಮೇಹವಿರುವ ವಯಸ್ಸಾದವಳಿಗೆ ಈ ಪ್ರಯಾಣ ಏನು ಮಾಡುತ್ತದೆ ಎಂಬುದು ಊಹೆಗೆ ನಿಲುಕುವಂಥದ್ದೇ. ಹೀಗಾಗಿ ಎಷ್ಟೋ ಮಂದಿ ಸಿಕ್ಕ ಆಸ್ಪತ್ರೆಯ ದಿನವನ್ನೂ ತಾವಾಗಿಯೇ ಬಿಟ್ಟುಕೊಡುತ್ತಾರೆ. ಕಡತದಲ್ಲಿ ಅದು 'ರೋಗಿ ಚಿಕಿತ್ಸೆ ನಿರಾಕರಿಸಿದಳು' ಎಂದಷ್ಟೇ ಉಳಿದರೆ ಇಲಾಖೆಯ ಲೆಕ್ಕದಲ್ಲಿ ತಪ್ಪು ರೋಗಿಯದಾಗುತ್ತದೆ. ಸೇವೆಯನ್ನು ಅಂಕಿಗಳ ಮೂಲಕ ಅಳೆಯಬಯಸುವವರು ಈ ಒಂದು ಸಾಲಿನ ಬಗ್ಗೆ ಎಚ್ಚರವಾಗಿರಬೇಕು.

ಹೆಣ್ಣುದೇಹಕ್ಕೇ ಸಂಬಂಧಿಸಿದ ಆರೈಕೆಯಲ್ಲಿ ಈ ಸೇವೆ ಅತ್ಯಂತ ದುರ್ಬಲವಾಗಿದೆ. ಮಹಿಳೆ ಕೇಳಿದರೆ ಸಾಧ್ಯವಾದ ಮಟ್ಟಿಗೆ ಮಹಿಳಾ ವೈದ್ಯರನ್ನು ಒದಗಿಸಬೇಕು, ಪುರುಷ ವೈದ್ಯರು ನೋಡುವುದಾದರೆ ಮಹಿಳಾ ಸಿಬ್ಬಂದಿಯೊಬ್ಬರು ಜೊತೆಗಿರಬೇಕು, ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರಿನ ತಪಾಸಣೆ ಹೊರಗಿನ ಮಹಿಳೆಯರಿಗೆ ಸಿಗುವಂತೆಯೇ ಸಿಗಬೇಕು ಎಂದು ಬ್ಯಾಂಕಾಕ್‌ನ 10 ಮತ್ತು 18ನೇ ನಿಯಮಗಳು ಹೇಳುತ್ತವೆ. ಪ್ಯಾಲೆಸ್ಟೀನಿ ಕೈದಿಗಳ ಪರ ಕೆಲಸ ಮಾಡುವ ಅದ್ದಮೀರ್ ಸಂಸ್ಥೆಯು, ಮಹಿಳೆಯರ ವಿಭಾಗದಲ್ಲಿ ಖಾಯಂ ಸ್ತ್ರೀರೋಗ ತಜ್ಞರಿಲ್ಲ ಎಂಬುದನ್ನು ವರ್ಷಗಳಿಂದ ಹೇಳುತ್ತಾ ಬಂದಿದೆ. ಭಾಷೆಯೂ ಒಂದು ಗೋಡೆ. ಹೀಬ್ರೂ ಬಾರದ ಹೆಂಗಸು ತನ್ನ ಗುಪ್ತ ಕಾಯಿಲೆಯನ್ನು ವೈದ್ಯರಿಗೆ ಹೇಳಲು ಜೊತೆ ಕೈದಿಯ ಅಥವಾ ಕಾವಲುಗಾರ್ತಿಯ ಬಾಯಿಯನ್ನು ಅವಲಂಬಿಸಬೇಕಾದರೆ, ವೈದ್ಯಕೀಯ ಗೌಪ್ಯತೆಯ ಹಕ್ಕು ಅಲ್ಲಿಗೇ ಮುಗಿಯಿತು.

ಗರ್ಭಿಣಿಯರ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. ಹೆರಿಗೆ ನೋವಿನ ಸಮಯದಲ್ಲಿ, ಹೆರಿಗೆಯಾಗುವಾಗ ಮತ್ತು ಆದ ಕೂಡಲೇ ಬೇಡಿ ಹಾಕಲೇಬಾರದು ಎಂಬ ನಿಷೇಧ ಬ್ಯಾಂಕಾಕ್‌ನ 24ನೇ ನಿಯಮದಲ್ಲಿದೆ, ಮಂಡೇಲಾದ 48ನೇ ನಿಯಮದಲ್ಲಿಯೂ ಇದೆ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಯುದ್ಧ ಮುಗಿಯುವುದಕ್ಕೂ ಮೊದಲೇ ಗರ್ಭಿಣಿಯರನ್ನು, ಎಳೆಗೂಸುಗಳ ತಾಯಂದಿರನ್ನು ಬಿಡುಗಡೆ ಮಾಡುವ ಒಪ್ಪಂದಗಳಿಗೆ ಯತ್ನಿಸಬೇಕೆಂದು ಜಿನೀವಾದ 132ನೇ ವಿಧಿ ಕೇಳುತ್ತದೆ. 2000ದ ದಶಕದಲ್ಲಿ ಹಲವು ಪ್ಯಾಲೆಸ್ಟೀನಿ ಮಹಿಳೆಯರು ಬಂಧನದಲ್ಲಿರುವಾಗಲೇ ಹೆತ್ತರು; ಆಸ್ಪತ್ರೆಗೆ ಒಯ್ಯುವಾಗ, ಹೆರಿಗೆಗೆ ಸ್ವಲ್ಪ ಮುಂಚಿನವರೆಗೂ ಮತ್ತು ಹೆರಿಗೆಯ ನಂತರ ಮಂಚಕ್ಕೆ ಬೇಡಿ ಬಿಗಿದಿದ್ದರೆಂಬ ಹೇಳಿಕೆಗಳಿವೆ. 2008ರ ಜನವರಿಯಲ್ಲಿ ಗಾಜಾದ ಮಹಿಳೆಯೊಬ್ಬರು ಹೆತ್ತ ಗಂಡುಮಗು ತಾಯಿಯೊಂದಿಗೆ ಸೆರೆಮನೆಯಲ್ಲಿಯೇ ಬೆಳೆದು, ಹಮಾಸ್‌ನ ಸೆರೆಯಲ್ಲಿದ್ದ ಇಸ್ರೇಲಿ ಯೋಧ ಗಿಲಾದ್ ಶಲಿತ್‌ನ ವಿಡಿಯೊಗೆ ಬದಲಾಗಿ 2009ರ ಅಕ್ಟೋಬರ್‌ನಲ್ಲಿ ಮಹಿಳೆಯರನ್ನು ಬಿಟ್ಟಾಗ ಹೊರಬಂದಿತು. 2021ರ ಸೆಪ್ಟೆಂಬರ್‌ನಲ್ಲಿ ಮಾತ್ರ ಒಂದು ಭಿನ್ನ ಫಲ ಕಂಡಿತು: ಒಂಬತ್ತು ತಿಂಗಳು ತುಂಬಿದ್ದ ಕೈದಿಯೊಬ್ಬರ ಪರವಾಗಿ ಹೊರಗೆ ದೊಡ್ಡ ಅಭಿಯಾನ ನಡೆದ ಬಳಿಕ ಸೇನಾ ನ್ಯಾಯಾಲಯ ಆಕೆಯನ್ನು ಜಾಮೀನಿನ ಮೇಲೆ ಗೃಹಬಂಧನಕ್ಕೆ ಕಳಿಸಿತು. ಗರ್ಭಿಣಿಗೆ ಸೆರೆಯ ಬದಲು ಬೇರೆ ಕ್ರಮವನ್ನೇ ಮೊದಲು ಯೋಚಿಸಬೇಕೆಂಬ 64ನೇ ಬ್ಯಾಂಕಾಕ್ ನಿಯಮ ಪಾಲನೆಯಾಯಿತು ಎನ್ನಬಹುದು. ಆದರೆ ಹಕ್ಕಿಗೆ ಅಭಿಯಾನದ ಅಗತ್ಯ ಬೀಳಬಾರದಿತ್ತು.

ನೈರ್ಮಲ್ಯದ ವಿಚಾರ ಸಣ್ಣದೆಂದು ಕಾಣಬಹುದು. ಸ್ಯಾನಿಟರಿ ಪ್ಯಾಡ್‌ಗಳನ್ನು ಉಚಿತವಾಗಿ, ನೀರನ್ನು ನಿಯಮಿತವಾಗಿ ಒದಗಿಸಬೇಕೆಂದು ಬ್ಯಾಂಕಾಕ್‌ನ 5ನೇ ನಿಯಮ ಹೇಳುತ್ತದೆ. ಡೇಮನ್‌ನಲ್ಲಿ ಸ್ನಾನದ ಮನೆಗಳು ಕೋಣೆಗಳ ಹೊರಗಿರುವುದರಿಂದ, ಅಂಗಳಕ್ಕೆ ಬಿಡುವ ಅವಧಿಯಲ್ಲಷ್ಟೇ ಸ್ನಾನ. ಆ ಅವಧಿಯನ್ನು ಕತ್ತರಿಸಿದರೆ ಬಿಸಿಲು, ನಡಿಗೆ, ಸ್ನಾನ ಮೂರೂ ಒಟ್ಟಿಗೇ ಕತ್ತರಿಸಿದಂತೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಆದದ್ದು ಅದೇ. ಕ್ಯಾಂಟೀನ್ ಮುಚ್ಚಿತು, ಮೊದಲು ಸ್ವಂತ ಹಣದಿಂದ ಕೊಳ್ಳುತ್ತಿದ್ದ ಶಾಂಪೂ, ಬಟ್ಟೆ, ಆಹಾರ ವಶವಾದವು, ಕುಟುಂಬದ ಭೇಟಿ ನಿಂತಿತು, ಕೋಣೆಗಳಲ್ಲಿ ಜನ ಹೆಚ್ಚಿ ನೆಲದ ಮೇಲೆ ಮಲಗಬೇಕಾಯಿತು, ಪ್ಯಾಡ್‌ಗಳ ಕೊರತೆ ಪದೇ ಪದೇ ವರದಿಯಾಯಿತು. ಕೈದಿಗಳ ಸೌಲಭ್ಯಗಳನ್ನು ಕನಿಷ್ಠಕ್ಕೆ ಇಳಿಸಿರುವುದಾಗಿ ರಾಷ್ಟ್ರೀಯ ಭದ್ರತಾ ಸಚಿವ ಇತಮಾರ್ ಬೆನ್-ಗ್ವಿರ್ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಆದ್ದರಿಂದ ಇದನ್ನು ಯುದ್ಧಕಾಲದ ಅಸ್ತವ್ಯಸ್ತತೆ ಎಂದು ತಳ್ಳಿಹಾಕುವಂತಿಲ್ಲ, ಇದು ನೀತಿ.

ದೀರ್ಘಕಾಲದ ಕಾಯಿಲೆಗಳ ವಿಭಾಗದಲ್ಲಿ ಎರಡು ಪ್ರಕರಣಗಳನ್ನು ಹೇಳದೆ ಮುಂದೆ ಹೋಗಲಾಗದು. 2015ರ ಅಕ್ಟೋಬರ್‌ನಲ್ಲಿ ತಪಾಸಣಾ ಠಾಣೆಯೊಂದರ ಬಳಿ ಕಾರಿನೊಳಗಿನ ಅನಿಲ ಸಿಲಿಂಡರ್ ಸ್ಫೋಟಿಸಿ ಇಸ್ರಾ ಜಾಬಿಸ್ ಅವರ ಮೈಯ ಬಹುಭಾಗ ಸುಟ್ಟಿತು, ಎಂಟು ಬೆರಳುಗಳು ಹೋದವು. ಅದು ಅಪಘಾತವೆಂದು ಆಕೆ ಹೇಳಿದರು. ನ್ಯಾಯಾಲಯ ಕೊಲೆ ಯತ್ನವೆಂದು ತೀರ್ಮಾನಿಸಿ 11 ವರ್ಷಗಳ ಶಿಕ್ಷೆ ವಿಧಿಸಿತು. ಆ ತೀರ್ಪಿನ ಸರಿ ತಪ್ಪು ಈ ವಿಮರ್ಶೆಗೆ ಸಂಬಂಧಿಸಿದ್ದಲ್ಲ, ಏಕೆಂದರೆ ಚಿಕಿತ್ಸೆಯ ಹಕ್ಕು ಅಪರಾಧದ ಸ್ವರೂಪವನ್ನು ಕೇಳುವುದಿಲ್ಲ. ಸರಣಿ ಶಸ್ತ್ರಚಿಕಿತ್ಸೆಗಳು ಬೇಕೆಂದು ಕುಟುಂಬ ಮತ್ತು ಹಕ್ಕು ಸಂಸ್ಥೆಗಳು ವರ್ಷಗಟ್ಟಲೆ ಕೇಳುತ್ತಲೇ ಇದ್ದವು. ಆಕೆಗೆ ಉಣಿಸಿ, ಮೀಯಿಸಿ, ಉಡಿಸಿದವರು ಜೊತೆಯ ಕೈದಿಗಳು. 2023ರ ನವೆಂಬರ್‌ನಲ್ಲಿ ಒತ್ತೆಯಾಳುಗಳಿಗೆ ಬದಲಾಗಿ ಕೈದಿಗಳನ್ನು ಬಿಟ್ಟ ವಿನಿಮಯದಲ್ಲಿ ಬಿಡುಗಡೆಯಾಗುವ ತನಕ ಸೇವೆಯ ಬಹುದೊಡ್ಡ ಭಾಗವನ್ನು ಹೀಗೆ ರೋಗಿಗಳೇ ನಿರ್ವಹಿಸಿದರು. ಎರಡನೆಯದು, 2022ರ ಜುಲೈ 2ರಂದು ಡೇಮನ್‌ನಲ್ಲಿ ತೀರಿಕೊಂಡ 68 ವರ್ಷದ, ಆಗ ಅಲ್ಲಿದ್ದವರಲ್ಲೇ ಹಿರಿಯರಾಗಿದ್ದ ಮಹಿಳೆಯದು. ಅವರಿಗೆ ಮಧುಮೇಹವೂ ರಕ್ತದೊತ್ತಡವೂ ಇದ್ದವು. ಕೊನೆಯ ದಿನಗಳಲ್ಲಿ ಅವರು ನ್ಯಾಯಾಲಯಕ್ಕೆ ಬಂದದ್ದು ಗಾಲಿಕುರ್ಚಿಯಲ್ಲಿ. ಅವು ಯಾವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವೂ ನಿಭಾಯಿಸಬೇಕಾದ ಕಾಯಿಲೆಗಳು.

ಏಕಾಂತ ಬಂಧನವನ್ನು ಆರೋಗ್ಯದ ಪ್ರಶ್ನೆಯಾಗಿ ನೋಡುವವರು ಕಡಿಮೆ. 15 ದಿನಗಳಿಗೆ ಮೀರಿದ ಏಕಾಂತವನ್ನು ಮಂಡೇಲಾ ನಿಯಮಗಳು ಸಾರಾಸಗಟಾಗಿ ನಿಷೇಧಿಸುತ್ತವೆ. ಪ್ಯಾಲೆಸ್ಟೀನಿ ಶಾಸನಸಭೆಯ ಸದಸ್ಯೆಯಾಗಿದ್ದ, ವಯಸ್ಸು ಅರವತ್ತು ದಾಟಿದ ಖಾಲಿದಾ ಜರ್ರಾರ್ ಅವರನ್ನು 2024ರ ಆಗಸ್ಟ್‌ನಲ್ಲಿ ಡೇಮನ್‌ನಿಂದ ರಾಮ್ಲಾದ ನೆವೆ ತಿರ್ಜಾ ಸೆರೆಮನೆಗೆ ಸಾಗಿಸಿ, 2025ರ ಜನವರಿ 19ರಂದು ಬಿಡುಗಡೆಯಾಗುವವರೆಗೂ, ಐದು ತಿಂಗಳು, ಗಾಳಿ ಆಡದ ಪುಟ್ಟ ಕೋಣೆಯಲ್ಲಿ ಒಂಟಿಯಾಗಿ ಇರಿಸಲಾಯಿತು. ಅವರ ಮೇಲೆ ಆರೋಪಪಟ್ಟಿಯೇ ಇರಲಿಲ್ಲ. ಅವರು ಆಡಳಿತಾತ್ಮಕ ಬಂಧನದಲ್ಲಿದ್ದರು.

ಇಲಾಖೆಯ ಉತ್ತರವನ್ನೂ ದಾಖಲಿಸಬೇಕು. ಎಲ್ಲ ಕೈದಿಗಳನ್ನೂ ಕಾನೂನಿನಂತೆಯೇ ಇರಿಸಲಾಗಿದೆ, ಅರ್ಹ ವೈದ್ಯಕೀಯ ಸಿಬ್ಬಂದಿ ಅಗತ್ಯ ಚಿಕಿತ್ಸೆ ನೀಡುತ್ತಿದ್ದಾರೆ, ದೂರುಗಳನ್ನು ಪರಿಶೀಲಿಸಲಾಗುತ್ತದೆ ಎಂಬುದು ಅದರ ನಿಂತ ನಿಲುವು. ಇಸ್ರೇಲಿನ ಕಾಯಿದೆ ಪುಸ್ತಕದಲ್ಲಿ ಕೈದಿಯ ವೈದ್ಯಕೀಯ ಹಕ್ಕು ಇರುವುದೂ ನಿಜ, 1996ರ ರೋಗಿಗಳ ಹಕ್ಕಿನ ಕಾನೂನು ಇರುವುದೂ ನಿಜ. ಕಾಗದದ ಮೇಲಿನ ಸೇವೆಗೆ ನಾನು ಉತ್ತಮ ಅಂಕ ಕೊಡಬಲ್ಲೆ. ಆದರೆ ಆ ಕಾಗದ ಮತ್ತು ಕೋಣೆಯ ನಡುವೆ ನಿಂತು ಪರೀಕ್ಷಿಸಬೇಕಾದ ರೆಡ್ ಕ್ರಾಸ್ ಸಮಿತಿಯ ಭೇಟಿಗಳು 2023ರ ಅಕ್ಟೋಬರ್‌ನಿಂದ ನಿಂತುಹೋದವು. ಹೊರಗಿನವರ ಕಣ್ಣು ಬೀಳದ ಸೇವೆಯ ಬಗ್ಗೆ ಅದನ್ನು ನಡೆಸುವವರ ಮಾತನ್ನೇ ನಂಬಬೇಕೆಂದು ಕೇಳುವುದು ನ್ಯಾಯವಲ್ಲ.

ನನ್ನ ಮುಖ್ಯ ತಕರಾರು ಯಾವೊಬ್ಬ ವೈದ್ಯರ ಮೇಲೆಯೂ ಅಲ್ಲ, ವ್ಯವಸ್ಥೆಯ ಕಟ್ಟಡದ ಮೇಲೆ. ಈ ದವಾಖಾನೆ ಆರೋಗ್ಯ ಸಚಿವಾಲಯದ್ದಲ್ಲ, ಬಂದೀಖಾನೆ ಇಲಾಖೆಯದು. ಯಾರು ಬಾಗಿಲಿಗೆ ಬೀಗ ಹಾಕುತ್ತಾರೋ ಅವರೇ ಔಷಧಿಯ ಕಪಾಟಿಗೂ ಬೀಗ ಹಾಕುತ್ತಾರೆ. ನಾರ್ವೆ 1988ರಲ್ಲಿ, ಫ್ರಾನ್ಸ್ 1994ರಲ್ಲಿ, ಇಂಗ್ಲೆಂಡ್ 2006ರ ಹೊತ್ತಿಗೆ ಸೆರೆಮನೆಯ ವೈದ್ಯಕೀಯ ಸೇವೆಯನ್ನು ನಾಗರಿಕ ಆರೋಗ್ಯ ವ್ಯವಸ್ಥೆಗೆ ವಹಿಸಿಕೊಟ್ಟವು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಸಲಹೆ ಮಾಡುತ್ತದೆ. ಭದ್ರತಾ ಕೈದಿಗಳ ವಿಷಯದಲ್ಲಿ ಈ ಬದಲಾವಣೆ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಅವರನ್ನು ಶತ್ರುಗಳೆಂದು ಕಾಣಲು ತರಬೇತಾದ ಸಂಸ್ಥೆಯೊಳಗೆ ಕುಳಿತ ವೈದ್ಯರು ಅವರನ್ನು ರೋಗಿಗಳೆಂದು ಕಾಣುವುದು ಸುಲಭವಲ್ಲ.

ಕೊನೆಯದಾಗಿ ದೂರು ಪರಿಹಾರ. ಕೈದಿಗೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸುವ ಹಕ್ಕಿದೆ, ಮತ್ತು ಇಸ್ರೇಲಿನ ಮಾನವ ಹಕ್ಕುಗಳ ವೈದ್ಯರ ಸಂಘಟನೆಯಂಥವು ಈ ದಾರಿಯನ್ನು ಹಠಬಿಡದೆ ಬಳಸುತ್ತವೆ. ಕೆಲವೊಮ್ಮೆ ಅರ್ಜಿ ದಾಖಲಾದ ಸುದ್ದಿ ಮುಟ್ಟಿದೊಡನೆಯೇ ವರ್ಷದಿಂದ ಸಿಗದ ತಜ್ಞರ ದಿನ ಸಿಗುವುದೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಬ್ಬರು ನ್ಯಾಯಮೂರ್ತಿಗಳ ಬಹುಮತದಿಂದ, ಭದ್ರತಾ ಕೈದಿಗಳಿಗೆ ಸಾಕಾಗುವಷ್ಟು ಆಹಾರವನ್ನು ಸರ್ಕಾರ ಒದಗಿಸುತ್ತಿಲ್ಲವೆಂಬ ಅನುಮಾನಕ್ಕೆ ಆಧಾರವಿದೆ, ಒದಗಿಸಲೇಬೇಕು ಎಂದು ತೀರ್ಪಿತ್ತಿತು. ಆ ತೀರ್ಪು ಪಾಲನೆಯಾಗಿದೆಯೇ ಎಂದು ತಿಳಿಯಲು 92ನೇ ವಿಧಿ ಹೇಳುವ ಆ ತಿಂಗಳ ತಪಾಸಣೆ, ಆ ತೂಕದ ಪಟ್ಟಿ ಸಾಕು. ಅದು ವಕೀಲರ ಕೈಗೂ ರೆಡ್ ಕ್ರಾಸ್ ವೈದ್ಯರ ಕೈಗೂ ಸಿಗುವಂತಾದರೆ ಈ ವಿಮರ್ಶೆಯನ್ನು ಹೊಸದಾಗಿ ಬರೆಯಬಹುದು.